ನಾಲ್ಕು ಎಳೆತ

ಮೊನ್ನೆ ಮಂಡಿನೋವಿಗೆಂದು ಬಿಸಿನೀರಿನ ಚೀಲ ತಂದೆ. ನನ್ನ ಅಂಗಡಿಗೆ ಬಂದು ಪೊಟ್ಟಣ ಬಿಚ್ಚಿದಾಗ ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಒಂದು ಕ್ಷಣ ಪಕ್ಕದ ಪಂಕ್ಚರ್ ಅಂಗಡಿ ಇನ್ನೂ ತೆರೆದೇ ಇದೆ ಅನ್ನಿಸಿಬಿಟ್ಟಿತು. ಯಲ್ಲಾಪುರದ ಹೆದ್ದಾರಿಯ ಬದಿಗೆ ನನ್ನದು ಹೊಲಿಗೆ ಅಂಗಡಿ. ಪಂಕ್ಚರ್ ಅಂಗಡಿಯವರನ್ನು ನಾನು ಅಣ್ಣ ಎಂದೇ ಕರೆಯುತ್ತಿದ್ದೆ.

ಇಡಗುಂದಿಯವರು. ಹರೆಯದಲ್ಲಿ ಕಾರವಾರದ ಬಂದರಿಗೆ ಕೂಲಿಗೆ ಹೋಗಿ, ಅಲ್ಲಿಂದ ಮುಳುಗುಗಾರರ ತಂಡ ಸೇರಿ, ಪೆಸಿಫಿಕ್ ಸಾಗರದ ಯಾವ್ಯಾವುದೋ ದ್ವೀಪಗಳ ತನಕ ಹೋಗಿದ್ದರು. ಮಹಾಯುದ್ಧದಲ್ಲಿ ಮುಳುಗಿದ ಹಡಗುಗಳಿಂದ ತಾಮ್ರ, ಹಿತ್ತಾಳೆ ಕತ್ತರಿಸಿ ಮೇಲೆ ಕಳಿಸುವ ಕೆಲಸ. ಊರಿಗೆ ಮರಳುವಾಗ ಭುಜದ ಕೀಲು ಹಾಳಾಗಿತ್ತು. ಆಳದ ಕೆಲಸ ಮೂಳೆಯನ್ನೇ ತಿಂದುಹಾಕುತ್ತದಂತೆ. ಟ್ಯೂಬನ್ನು ತೊಟ್ಟಿಯಲ್ಲಿ ಅದ್ದಿ, ಗುಳ್ಳೆ ಏಳುವುದನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡುತ್ತಿದ್ದರು. “ಸಮುದ್ರ ನೋಡ್ದವ್ರಿಗೆ ತೊಟ್ಟಿಲಿ ಎಂತ ಕಾಣ್ತದೆ ಅಣ್ಣ?” ಎಂದು ನಾನು ಕಾಲೆಳೆದರೆ ನಗುತ್ತಿದ್ದರು.

ಒಂದು ಮಧ್ಯಾಹ್ನ ನಗಲಿಲ್ಲ. ನನ್ನ ಅಳತೆ ಟೇಪಿನ ಒಂದು ತುದಿ ನನಗೆ ಕೊಟ್ಟು, ಇನ್ನೊಂದನ್ನು ತಾವು ಹಿಡಿದು ಮುಳುಗುಗಾರರ ಹಗ್ಗದ ಭಾಷೆ ಕಲಿಸಿದರು. ಮೇಲಿನವನು ಒಮ್ಮೆ ಎಳೆದರೆ ‘ಆರಾಮಿದ್ದೀಯಾ?’ ಕೆಳಗಿನವನು ಒಮ್ಮೆ ಎಳೆದರೆ ‘ಆರಾಮು’. ನಾಲ್ಕು ಸಲ ಎಳೆದರೆ ‘ನನ್ನನ್ನು ಮೇಲೆತ್ತು’.

ಒಂದು ದಿನ ಜೊತೆಗಾರ ಕೆಳಗಿದ್ದನಂತೆ, ದೋಣಿಯಲ್ಲಿ ಹಗ್ಗ ಹಿಡಿದವರು ಇವರು. ಒಮ್ಮೆ ಎಳೆದರು, ಉತ್ತರ ಬಂತು. ಸ್ವಲ್ಪ ಹೊತ್ತು ಬಿಟ್ಟು ಎಳೆದಾಗಲೂ ಬಂತು.

“ಹಗ್ಗ ಹಡಗಿನ ತಗಡಿಗೆ ಸಿಕ್ಕಿತ್ತು ಮಾರಾಯ್ತಿ. ಎಳೀತಾ ಇದ್ದದ್ದು ನೀರಿನ ಸೆಳವು. ನಾ ಅವನೇ ಅಂತ ತಿಳ್ಕಂಡು ಬೀಡಿ ಸೇದ್ತಾ ಕೂತಿದ್ದೆ...”

ಮೇಲೆತ್ತುವಷ್ಟರಲ್ಲಿ ಅವನು ಸತ್ತು ಬಹಳ ಹೊತ್ತಾಗಿತ್ತು. ನಾನು ಕತ್ತರಿಸಿಟ್ಟ ರವಿಕೆ ಹೊಲಿಯತೊಡಗಿದೆ. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಆಮೇಲಿನಿಂದ ಸಂಜೆ ಅಂಗಡಿ ಮುಚ್ಚುವಾಗ ನಮ್ಮ ನಡುವಿನ ತಗಡಿನ ಗೋಡೆಗೆ ಒಮ್ಮೆ ಬಡಿಯುತ್ತಿದ್ದೆ. ಅವರೂ ಒಮ್ಮೆ ಬಡಿಯುತ್ತಿದ್ದರು.

ಕೆಲವು ವರ್ಷಗಳ ಬಳಿಕ ಅವರಿಗೆ ಪಾರ್ಶ್ವವಾಯು ಬಡಿಯಿತು. ಶಿರಸಿಯ ಆಸ್ಪತ್ರೆಗೆ ನೋಡಲು ಹೋದೆ. ಮಾತಿಲ್ಲ, ಕಣ್ಣು ಬಿಡುವುದಿಲ್ಲ, ಮೂಗಿಗೆ ನಳಿಕೆ. ಕೈ ಹಿಡಿದು ಒಮ್ಮೆ ಅದುಮಿದೆ. ಬೆರಳುಗಳು ಒಮ್ಮೆ ಬಿಗಿದವು! ಎಷ್ಟು ಖುಷಿಯಾಯಿತು ನನಗೆ. ಮತ್ತೆ ಬಿಗಿದವು... ಮತ್ತೆ... ಮತ್ತೆ. ನಾಲ್ಕು ಸಲ.

ಓಡಿಹೋಗಿ ನರ್ಸನ್ನು ಕರೆತಂದೆ. ಹಾವೇರಿ ಕಡೆಯ ಹುಡುಗಿ, ಒಳ್ಳೆಯವಳೇ. “ನರ ಸೆಳೀತಾವ್ರೀ ಅಕ್ಕಾರ. ಅವ್ರಿಗೇನೂ ತಿಳಿಯೂದಿಲ್ಲ. ಹೊರಗ ಕುಂದರ್ರಿ” ಎಂದಳು.

ಅವಳು ಹೋದ ಮೇಲೆ ಮತ್ತೆ ಕೈ ಹಿಡಿದೆ. ಬಹಳ ಹೊತ್ತು ಹಿಡಿದುಕೊಂಡೇ ಇದ್ದೆ. ಯಾರಿಗೆ ಹೇಳಲಿ, ಎಲ್ಲಿಂದ ಎತ್ತಲಿ? ಯಲ್ಲಾಪುರದ ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ. ಮೂರನೆಯ ದಿನ ಅವರು ಹೋದರು.

ಈಗ ಪಕ್ಕದಲ್ಲಿ ಮೊಬೈಲ್ ಅಂಗಡಿ. ಮಂಡಿಯ ಮೇಲಿನ ಚೀಲ ಆರುತ್ತ ಬಂದಿದೆ. ಅಂದು ಅಣ್ಣನ ಕೈಯಲ್ಲಾದದ್ದು ಬರೀ ನರದ ಸೆಳೆತವೇ ಆಗಿರಲಿ ದೇವರೇ ಎಂದುಕೊಳ್ಳುತ್ತೇನೆ. ಆದರೆ ನಾನು ಅಷ್ಟು ಹೊತ್ತು ಕೈ ಹಿಡಿದು ಕಾದರೂ ಆ ಬೆರಳುಗಳು ಐದನೆಯ ಸಲ ಬಿಗಿಯಲಿಲ್ಲ.