ಸೊಲ್ಲು ಹಿಡಿದವರು

ವಾಡಿಯ ನಮ್ಮ ಚರ್ಚಿನಲ್ಲಿ ನಾನು ಬಹಳ ವರ್ಷಗಳಿಂದ ಹಾರ್ಮೋನಿಯಂ ನುಡಿಸುತ್ತಿದ್ದೇನೆ. ವಾರದ ಉಳಿದ ದಿನಗಳಲ್ಲಿ ಚಿತ್ತಾಪುರದ ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಹಾರ್ಮೋನಿಯಂ ಕಲಿಸಿದವರು ನನ್ನ ತಂದೆ. ಅವರು ಚಿಂಚೋಳಿ ಕಡೆಯ ಹಳ್ಳಿಗಳಲ್ಲಿ ಸುವಾರ್ತೆ ಹೇಳುತ್ತ ತಿರುಗಿದವರು. ಪ್ರಸಂಗ ಮಾಡಲು ಅವರಿಗೆ ಅಷ್ಟಾಗಿ ಬರುತ್ತಿರಲಿಲ್ಲ. ಮಾತು ತಡವರಿಸಿದ ಕಡೆ ಹಾಡಿಗೆ ಹೊರಳಿಬಿಡುತ್ತಿದ್ದರು. ಚಿಮ್ಮನಚೋಡದ ಒಂದು ಮನೆಯ ಕಟ್ಟೆಯ ಮೇಲೆ ಕೂತು ಅವರು ಹಾಡುತ್ತಿದ್ದರೆ ಹೊಲದಿಂದ ಮರಳುವವರು ಹೊರೆ ಇಳಿಸಿ ನಿಲ್ಲುತ್ತಿದ್ದರು. ಆರಾಧನೆ ಎಂದರೆ ಹಾಡು, ಹಾಡು ಎಂದರೆ ಸಂತೋಷ ಎಂದು ನಾನು ಚಿಕ್ಕಂದಿನಲ್ಲೇ ತಿಳಿದುಕೊಂಡಿದ್ದೆ. ಅದನ್ನು ಮರುಯೋಚಿಸುವ ಅಗತ್ಯ ನಲವತ್ತು ದಾಟುವವರೆಗೂ ಬರಲಿಲ್ಲ.

ನಮ್ಮ ಚರ್ಚಿನಲ್ಲಿ ಅಕ್ಕತಂಗಿ ಇಬ್ಬರು ಮುದುಕಿಯರಿದ್ದರು. ಇಬ್ಬರೂ ಹರೆಯದಲ್ಲಿ ಶಹಾಬಾದಿನ ಕಲ್ಲಿನ ಗಣಿಯಲ್ಲಿ ದುಡಿದವರು, ಇಬ್ಬರೂ ಬೇಗ ಗಂಡಂದಿರನ್ನು ಕಳೆದುಕೊಂಡವರು. ರೈಲು ಹಳಿಯ ಹತ್ತಿರದ ಎರಡು ಕೋಣೆಯ ಮನೆಯಲ್ಲಿ ಒಟ್ಟಿಗೆ ಇದ್ದರು. ಭಾನುವಾರ ಎಲ್ಲರಿಗಿಂತ ಮೊದಲು ಬಂದು ಹೆಂಗಸರ ಕಡೆಯ ಕಿಟಕಿಯ ಕೆಳಗೆ, ಚಾಪೆ ಬೇಡವೆಂದು ಬರಿಯ ಪರ್ಸಿ ಕಲ್ಲಿನ ನೆಲದ ಮೇಲೆಯೇ ಕೂರುತ್ತಿದ್ದರು. ಓದಲು ಬರುತ್ತಿರಲಿಲ್ಲವಾದರೂ ಹಾಡಿನ ಪುಸ್ತಕದ ಮುಕ್ಕಾಲು ಪಾಲು ಬಾಯಲ್ಲಿತ್ತು.

ಅವರು ಹಾಡುತ್ತಿದ್ದ ರೀತಿ ಬೇರೆ. ಅಕ್ಕ ಒಂದು ಸಾಲು ಹೇಳಿದರೆ ತಂಗಿ ಅದನ್ನು ಪೂರ್ತಿ ತಿರುಗಿ ಹೇಳುತ್ತಿರಲಿಲ್ಲ. ಸಾಲಿನ ಹಿಂದಿನ ಅರ್ಧವನ್ನಷ್ಟೇ ಎತ್ತಿಕೊಂಡು ಮರಳಿಸುತ್ತಿದ್ದಳು. ಇದಕ್ಕೆ ಅವರು ಸೊಲ್ಲು ಹಿಡಿಯುವುದು ಎನ್ನುತ್ತಿದ್ದರು. ಅಕ್ಕನ ದನಿ ಒರಟು, ದೂರ ಹೋಗುವಂಥದ್ದು. ತಂಗಿಯದು ಸಣ್ಣದು, ಆದರೆ ಸ್ವರ ಎಂದೂ ಜಾರುತ್ತಿರಲಿಲ್ಲ. ನಾನು ಹಾರ್ಮೋನಿಯಂ ಮುಂದೆ ಕೂತಿದ್ದರೂ ಹೆಂಗಸರೆಲ್ಲ ನಡೆಯುತ್ತಿದ್ದದ್ದು ಆ ಇಬ್ಬರ ಹಿಂದೆ.

ತಂಗಿಗೆ ಮೂತ್ರಪಿಂಡದ ಕಾಯಿಲೆಯಾಯಿತು. ಒಂದು ವರ್ಷ ವಾರಕ್ಕೆ ಎರಡು ಸಲ ಅಕ್ಕ ಅವಳನ್ನು ರೈಲಿನಲ್ಲಿ ಕಲಬುರಗಿಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋದಳು. ಮಳೆಗಾಲದ ಕೊನೆಗೆ ತಂಗಿ ತೀರಿಕೊಂಡಳು. ಮಣ್ಣು ಕೊಡುವಾಗ ಅಕ್ಕ ಹಾಡಲಿಲ್ಲ. ದುಃಖ, ಸಹಜ ಎಂದುಕೊಂಡೆವು. ಮರುವಾರ ಅದೇ ಕಿಟಕಿಯ ಕೆಳಗೆ ಬಂದು ಕೂತಳು, ಆದರೆ ಬಾಯಿ ತೆರೆಯಲಿಲ್ಲ. ಕ್ರಿಸ್‌ಮಸ್ ಕಳೆಯಿತು, ಹೊಸ ವರ್ಷ ಬಂತು. ಅವಳು ಒಂದು ವಾರವೂ ತಪ್ಪಿಸಲಿಲ್ಲ, ಒಂದು ಸಾಲೂ ಹಾಡಲಿಲ್ಲ. ಹೆಂಗಸರ ಕಡೆಯ ಹಾಡು ಸಡಿಲವಾಗಿ, ಒಬ್ಬೊಬ್ಬರು ಒಂದೊಂದು ಕಡೆ ಎಳೆಯತೊಡಗಿದರು.

ಒಂದು ಭಾನುವಾರ ಹಾರ್ಮೋನಿಯಂ ಅನ್ನು ಬೇರೆಯವರಿಗೆ ಒಪ್ಪಿಸಿ ನಾನೇ ಅವಳ ಪಕ್ಕ ಕೂತು, ಉಳಿದವರು ಹಾಡಿದ ಸಾಲಿನ ಹಿಂದಿನ ಅರ್ಧ ಹಿಡಿದು ಅವಳನ್ನು ಹಾಡಿಗೆ ಎಳೆಯಲು ನೋಡಿದೆ. ಅವಳು ನನ್ನ ಮೊಣಕಾಲು ತಟ್ಟಿದಳಷ್ಟೇ. ಆರಾಧನೆ ಮುಗಿದ ಮೇಲೆ ಹೇಳಿದಳು: "ನೀವು ಛಲೋ ಹಾಡ್ತೀರಿ ಅಕ್ಕೋರೆ. ಆದ್ರ ನೀವು ನನ್ನ ಮಾರಿ ನೋಡಿ ಹಾಡ್ತೀರಿ. ಆಕಿ ನೋಡ್ತಿರಲಿಲ್ಲ."

ಆ ವರ್ಷ ನಮಗೆ ಹೊಸ ಪಾಸ್ಟರ್ ಬಂದಿದ್ದರು. ಬೀದರ್ ಕಡೆಯವರು, ವಯಸ್ಸು ಚಿಕ್ಕದು. ವಾಡಿ, ಶಹಾಬಾದ್, ಸೇಡಂ ಮೂರೂ ಕಡೆ ಅವರೇ ನೋಡಿಕೊಳ್ಳಬೇಕಿತ್ತು. ಬುಧವಾರ ಸಂಜೆ ವಾಡಿಯಲ್ಲಿ ಬೈಬಲ್ ಪಾಠ ಶುರುಮಾಡಿ, ಮೊದಲಿಗೆ ಅದರಲ್ಲಿನ ಹಳೆಯ ಹಾಡುಗಳಾದ ಕೀರ್ತನೆಗಳನ್ನು ತೆಗೆದುಕೊಂಡರು. ಕೀರ್ತನೆಗಳ ಮೇಲೆ ಸಣ್ಣ ಅಕ್ಷರದಲ್ಲಿರುವ ತಲೆಬರಹಗಳನ್ನು ನಾನು ಯಾವತ್ತೂ ಓದದೆ ದಾಟುತ್ತಿದ್ದೆ. ಅವರು ಅಲ್ಲಿಂದಲೇ ಆರಂಭಿಸಿದರು. ಇದು ಪ್ರಧಾನ ಗಾಯಕನಿಗೆ, ಇದು ತಂತಿವಾದ್ಯಕ್ಕೆ, ಇದು ಕೊಳಲಿಗೆ ಎಂದು ಅಲ್ಲಿ ಬರೆದಿದೆಯಂತೆ. ಕೆಲವಕ್ಕೆ ಇಂಥ ಧಾಟಿಯಲ್ಲಿ ಹಾಡಬೇಕು ಎಂಬ ಸೂಚನೆಯೂ ಉಂಟು. ಒಂದು ಧಾಟಿಗೆ ಮುಂಜಾವಿನ ಜಿಂಕೆಯ ಹೆಸರು, ಮತ್ತೊಂದಕ್ಕೆ ಪಾರಿವಾಳದ ಹೆಸರು. ಆ ಧಾಟಿಗಳು ಕಳೆದುಹೋಗಿವೆ. ಎಲ್ಲಿಂದ ಬಂದವೆಂದು ಖಚಿತವಾಗಿ ಯಾರೂ ಹೇಳಲಾರರು, ಜನ ಮೊದಲೇ ಹಾಡಿಕೊಳ್ಳುತ್ತಿದ್ದ ಪದಗಳ ಧಾಟಿಗಳೇ ಇರಬಹುದು ಎಂದರು. ನಡುನಡುವೆ ಬರುವ 'ಸೆಲಾ' ಎಂಬ ಶಬ್ದದ ಅರ್ಥವೂ ಯಾರಿಗೂ ಸರಿಯಾಗಿ ಗೊತ್ತಿಲ್ಲ, ಹಾಡು ನಿಲ್ಲಿಸಿ ವಾದ್ಯ ಕೇಳುವ ಜಾಗವಿರಬಹುದು. ಆ ಕಾಲದ ದೇವಾಲಯದಲ್ಲಿ ಗಾಯಕರು ಎರಡು ಗುಂಪಾಗಿ ನಿಂತು ಒಬ್ಬರಿಗೊಬ್ಬರು ಉತ್ತರ ಕೊಡುತ್ತ ಹಾಡುತ್ತಿದ್ದರು. ಹಾಳಾದ ಪಟ್ಟಣದ ಗೋಡೆಯನ್ನು ಮತ್ತೆ ಕಟ್ಟಿದಾಗ ಎರಡು ಮೇಳಗಳು ಗೋಡೆಯ ಮೇಲೆಯೇ ಎರಡು ದಿಕ್ಕಿಗೆ ನಡೆದು ಹಾಡಿದವು. ಇದನ್ನು ಹೇಳುವಾಗ ನಾನು ಮುದುಕಿಯ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು.

ಕೊನೆಯಲ್ಲಿ ಪಾಸ್ಟರ್, ಈ ಕೀರ್ತನೆಗಳಲ್ಲಿ ಬಹಳಷ್ಟು ಸ್ತುತಿಯಲ್ಲ, ಅಳು ಎಂದರು. ಆಗ ಅವಳು ತಲೆ ಎತ್ತಿದಳು.

"ಅಷ್ಟು ಅಳೂ ಹಾಡು ಅದರಾಗ ಇದ್ರ, ನಾವು ಒಂದೂ ಯಾಕ ಹಾಡಂಗಿಲ್ರಿ?"

ಪಾಸ್ಟರ್ ನನ್ನ ಕಡೆ ನೋಡಿದರು, ಏಕೆಂದರೆ ಹಾಡಿನ ಪಟ್ಟಿ ಮಾಡುವವಳು ನಾನು. ಮನೆಗೆ ಹೋಗಿ ಹಳೆಯ ನೋಟ್‌ಬುಕ್ ತೆರೆದು ನೋಡಿದೆ. ಮೂರು ವರ್ಷದ ಭಾನುವಾರಗಳಲ್ಲಿ ಸ್ತುತಿ, ಕೃತಜ್ಞತೆ, ಸುಗ್ಗಿಯ ಹಾಡು, ಮತ್ತೆ ಸ್ತುತಿ. ಶುಭ ಶುಕ್ರವಾರಕ್ಕೆ ಎರಡು ಶೋಕದ ಹಾಡುಗಳಿದ್ದವು, ಆದರೆ ಅವು ಯೇಸುವಿನ ನೋವಿನವು. ಕೂತವರ ನೋವಿನ ಹಾಡು ಒಂದೂ ಇರಲಿಲ್ಲ.

ಮುಂದಿನ ಬುಧವಾರ ಪಾಸ್ಟರ್ ಅವಳಿಗಾಗಿಯೇ ಒಂದು ಕೀರ್ತನೆ ಓದಿದರು. ಅದರಲ್ಲಿ ಒಬ್ಬ ದೇವರನ್ನು ಹಗಲೂ ರಾತ್ರಿ ಕೂಗುತ್ತಾನೆ, ತನ್ನ ಒಡನಾಡಿಗಳನ್ನು ನೀನೇ ದೂರ ಮಾಡಿದೆ ಎನ್ನುತ್ತಾನೆ. ಅದು ಕತ್ತಲೆಯಲ್ಲಿಯೇ ಮುಗಿಯುತ್ತದೆ. ಅವಳು ಇನ್ನೊಮ್ಮೆ ಓದಿಸಿಕೊಂಡಳು. ಕೊನೆಗೆ ಇದು ಸುಧಾರಿಸುವುದಿಲ್ಲವೇ ಎಂದು ಕೇಳಿದಳು. ಇಲ್ಲ, ಇದಿಷ್ಟೇ ಎಂದರು ಪಾಸ್ಟರ್.

"ಹಂಗಿದ್ರ ಇದಕ್ಕ ಧಾಟಿ ಬೇಕು," ಎಂದಳು.

ಶನಿವಾರ ಶಾಲೆ ಬಿಟ್ಟ ಮೇಲೆ ಅವಳ ಮನೆಗೆ ಹೋದೆ. ಚಹಾ ಕೊಟ್ಟು ಎದುರಿಗೆ ಕೂತು, ಒಂದು ಧಾಟಿ ಎತ್ತಿದಳು. ಶಬ್ದವಿಲ್ಲ, ಬರೀ ರಾಗ. ತಂಗಿ ಸತ್ತ ಮೇಲೆ ಅವಳ ಹಾಡುವ ದನಿ ಕೇಳಿದ್ದು ಅದೇ ಮೊದಲು. ನಾಲ್ಕೇ ಸ್ವರಗಳಲ್ಲಿ ಓಡಾಡುವ ರಾಗ. ಸಾಲಿನ ಕೊನೆಗೆ ಷಡ್ಜಕ್ಕೆ ಇಳಿಯದೆ ಅದರ ಮೇಲಿನ ಕೋಮಲ ಸ್ವರದಲ್ಲೇ ನಿಂತುಬಿಡುತ್ತಿತ್ತು. ಉಳಿದದ್ದನ್ನು ಇನ್ನೊಬ್ಬರು ಮುಗಿಸಬೇಕು. ನನಗೆ ಅದು ಎಲ್ಲೋ ಕೇಳಿದಂತಿತ್ತು.

"ಅಲಾಯಿ ಹಬ್ಬದ ಪದ," ಎಂದಳು. "ದಂಡೋತಿಯೊಳಗ ಸಣ್ಣವರಿದ್ದಾಗ ಕಲ್ತದ್ದು. ಊರಿಗೂರೇ ಹಾಡ್ತಿತ್ತು. ಆಕಿ ಸೊಲ್ಲು ಹಿಡಿಯೋದು ಅಲ್ಲೇ ಕಲ್ತಳು."

ಅಲಾಯಿ ಎಂದರೆ ಮೊಹರಂ, ನಮ್ಮ ಕಡೆ ಅದು ಎಲ್ಲರ ಹಬ್ಬ. ದೂರದ ರಣರಂಗದಲ್ಲಿ ನೀರಿಲ್ಲದೆ ಸತ್ತವರಿಗಾಗಿ ಕನ್ನಡದಲ್ಲೇ ಪದ ಕಟ್ಟಿ ಅಳುತ್ತಾರೆ. ಹಾಡುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ನಾನು ಸ್ವರ ಬರೆದುಕೊಂಡೆ. ಕೀರ್ತನೆಯ ಮಾತುಗಳನ್ನು ಆ ಧಾಟಿಗೆ ಹೊಂದಿಸಲು ಎರಡು ವಾರ ಹಿಡಿಯಿತು. ನಾನು ಬರೆದ ಶಬ್ದಗಳನ್ನು ಅವಳು ತನ್ನ ಮಾತಿಗೆ ತಿರುಗಿಸಿಕೊಂಡು ಹಾಡಿದಳು. ಕನ್ನಡ ಕಲಿಸುವವಳಾದ್ದರಿಂದ ಎರಡು ಸಲ ತಿದ್ದಿದೆ, ಆಮೇಲೆ ಬಿಟ್ಟೆ.

ಅಡ್ಡಿ ಬಂದದ್ದು ಸಭೆಯ ಹಿರಿಯರೊಬ್ಬರಿಂದ. ಅವರು ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾಗಿ ಶಹಾಬಾದಿನಲ್ಲಿದ್ದರು. ಪ್ರತಿ ಭಾನುವಾರ ಹೆಂಡತಿಯೊಂದಿಗೆ ವಾಡಿಗೆ ಬರುತ್ತಿದ್ದರು. ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಅಭ್ಯಾಸದ ದಿನ ಮೊದಲ ಸಾಲಿಗೇ ಅವರು ಕೈ ಎತ್ತಿ ನಿಲ್ಲಿಸಿದರು.

"ಇದು ಅಲಾಯಿ ಪದ. ನಮ್ಮವ್ವ ಹಾಡ್ತಿದ್ದಳು. ನಾವು ಅದನ್ನೆಲ್ಲ ಬಿಟ್ಟು ಬಂದೀವಿ."

ಅವರ ಮಾತಿನಲ್ಲಿ ದ್ವೇಷವಿರಲಿಲ್ಲ. ಅವರ ತಂದೆ ಕ್ರೈಸ್ತರಾದಾಗ ಊರು ಅವರನ್ನು ಬಾವಿಯಿಂದ, ಪಂಕ್ತಿಯಿಂದ, ಹಬ್ಬದಿಂದ ಹೊರಗಿಟ್ಟಿತ್ತಂತೆ. ಹಾಡು ಬಿಟ್ಟದ್ದು ಅವರ ಮನೆಗೆ ಸುಲಭವಾಗಿರಲಿಲ್ಲ. ಬಿಟ್ಟಿದ್ದನ್ನು ಈಗ ನಾವು ಹಗುರವಾಗಿ ಒಳಗೆ ತರುತ್ತಿದ್ದೇವೆ ಎನ್ನುವುದು ಅವರ ನೋವು. ಆಶೆಯ ಮಾತೇ ಇಲ್ಲದೆ ಮುಗಿಯುವ ಹಾಡು ಆರಾಧನೆಗೆ ತಕ್ಕದ್ದಲ್ಲ ಎಂಬುದು ಇನ್ನೊಂದು ಆಕ್ಷೇಪಣೆ. ಪಾಸ್ಟರ್ ಜಿಂಕೆ, ಪಾರಿವಾಳದ ಧಾಟಿಗಳನ್ನು ನೆನಪಿಸಿದರು. ಹಿರಿಯರು ಒಪ್ಪಲಿಲ್ಲ. ಬಹಳ ಚರ್ಚೆಯ ನಂತರ, ಶುಭ ಶುಕ್ರವಾರಕ್ಕೆ ಮುಂಚಿನ ಉಪವಾಸ ಕಾಲದ ಒಂದು ಸಂಜೆ ಒಂದೇ ಸಲ ಹಾಡಿ ನೋಡುವುದೆಂದು ತೀರ್ಮಾನವಾಯಿತು.

ಆ ಸಂಜೆ ಹಾಡು ಕೆಟ್ಟಿತು. ತಪ್ಪು ನನ್ನದು. ನಾನು ಹಾಡಿನ ಜೊತೆಗೆ ಹಾರ್ಮೋನಿಯಂ ನುಡಿಸಿದೆ, ಮಾತುಗಳ ಹಾಳೆ ಹಂಚಿದೆ, ಸೊಲ್ಲು ಹಿಡಿಯಲು ಚರ್ಚಿನ ಗಾಯನ ಮಂಡಳಿಯ ಏಳು ಜನರನ್ನು ಸಾಲಾಗಿ ನಿಲ್ಲಿಸಿದೆ. ಅವಳು ಮೊದಲ ಸಾಲು ಹಾಡಿದಳು. ಹಿಂದಿನಿಂದ ಏಳು ದನಿಗಳು ತಾಳಕ್ಕೆ ಸರಿಯಾಗಿ, ಶಾಲೆಯ ಪ್ರಾರ್ಥನೆಯಂತೆ ಉತ್ತರ ಕೊಟ್ಟವು. ಎರಡನೆಯ ಸಾಲು ಹಾಡಿದಳು. ಮತ್ತೆ ಅದೇ. ಮೂರನೆಯದಕ್ಕೆ ಅವಳು ನಿಂತಲ್ಲೇ ನಿಂತು, ಆಮೇಲೆ ಮೆಲ್ಲಗೆ ಕೂತುಬಿಟ್ಟಳು. ನಾನು ಮಂಡಳಿಯಿಂದ ಉಳಿದದ್ದನ್ನು ಹಾಡಿಸಿ ಮುಗಿಸಿದೆ. ಹೊರಗೆ ಬಂದಾಗ ಕೆಲವರು ಚೆನ್ನಾಗಿತ್ತು ಎಂದರು. ಹಿರಿಯರು ಹೆಂಡತಿಯೊಂದಿಗೆ ನೇರ ಸ್ಟೇಷನ್ ಕಡೆ ನಡೆದರು. ಒಳಗೊಳಗೆ ಗೆದ್ದೆ ಎಂದುಕೊಂಡಿರಬೇಕು ಎಂದು ಭಾವಿಸಿದೆ. ಅದು ನನ್ನ ಸಣ್ಣತನ. ಹಾಳೆಗಳನ್ನು ಬೀರುವಿನಲ್ಲಿಟ್ಟೆ. ಪಟ್ಟಿ ಮತ್ತೆ ಮೊದಲಿನಂತಾಯಿತು.

ಆಷಾಢದಲ್ಲಿ ಹಿರಿಯರ ಹೆಂಡತಿ ತೀರಿಕೊಂಡರು. ಬೆಳಿಗ್ಗೆ ಅಡುಗೆಮನೆಯಲ್ಲಿ ಬಿದ್ದವರು ಮತ್ತೆ ಏಳಲಿಲ್ಲ. ಸುದ್ದಿ ಬಂದ ಕೂಡಲೇ ನಾನೂ ಮುದುಕಿಯೂ ರೈಲು ಹತ್ತಿ ಶಹಾಬಾದಿಗೆ ಹೋದೆವು. ಪಡಸಾಲೆಯಲ್ಲಿ ದೇಹ ಮಲಗಿಸಿದ್ದರು. ಸುತ್ತ ಹೆಂಗಸರು, ಬಾಗಿಲಾಚೆ ಓಣಿಯವರು. ಅವರಲ್ಲಿ ಲಿಂಗಾಯತರಿದ್ದರು, ಮುಸ್ಲಿಮರಿದ್ದರು, ಹಿರಿಯರ ಹೆಂಡತಿಯ ತವರಿನವರಿದ್ದರು. ಹಿರಿಯರು ಗೋಡೆಗೆ ಒರಗಿ ಕೂತಿದ್ದರು. ಪಾಸ್ಟರ್ ಸೇಡಂನಿಂದ ಬರಬೇಕಿತ್ತು, ಬಸ್ ತಡವಾಗಿತ್ತು. ಕಾಯುತ್ತ ನಾವು ಎರಡು ಹಾಡು ಹಾಡಿದೆವು. ಸ್ವರ್ಗದ ಹಾಡು, ಮತ್ತೆ ಕಾಣುವೆವು ಎನ್ನುವ ಹಾಡು. ಮಾತುಗಳೆಲ್ಲ ಸರಿಯಾಗಿದ್ದವು. ಕೂತವರು ನಮ್ಮನ್ನು ನೋಡುತ್ತಿದ್ದರು, ಅಷ್ಟೇ.

ಆಗ ಮುದುಕಿ ಯಾರನ್ನೂ ಕೇಳದೆ ಆ ಕೀರ್ತನೆ ಎತ್ತಿದಳು. ನಾನು ಗಾಬರಿಯಿಂದ ಹಿರಿಯರ ಕಡೆ ನೋಡಿದೆ. ಅವರು ಕಣ್ಣು ಮುಚ್ಚಿದ್ದರು. ಅವಳ ಸಾಲು ಮುಗಿದು ಆ ಮೇಲಿನ ಸ್ವರದಲ್ಲಿ ನಿಂತಿತು. ಬಾಗಿಲ ಹೊರಗಿನ ಮೂರುನಾಲ್ಕು ಹೆಂಗಸರು ಹಿಂದಿನ ಅರ್ಧವನ್ನು ಶಬ್ದವಿಲ್ಲದೆ, ಬರೀ ದನಿಯಿಂದ ಎತ್ತಿಕೊಂಡು ಕೆಳಗಿಳಿಸಿದರು. ಅವರಿಗೆ ಕೀರ್ತನೆ ಗೊತ್ತಿರಲಿಲ್ಲ, ಧಾಟಿ ಗೊತ್ತಿತ್ತು. ಎರಡನೆಯ ಸಾಲಿಗೆ ಒಳಗಿನವರೂ ಸೇರಿದರು. ಮೂರನೆಯದಕ್ಕೆ ಗೋಡೆಯ ಕಡೆಯಿಂದ ಒಂದು ಗಂಡು ದನಿ ಬಂತು, ಒಂದು ಮಾತ್ರೆ ತಡವಾಗಿ, ಸ್ವರಕ್ಕೆ ಸರಿಯಿಲ್ಲದೆ. ಹಿರಿಯರು ಹಾಡುತ್ತಿದ್ದದ್ದು ನಾನು ಬರೆದ ಮಾತುಗಳನ್ನಲ್ಲ. ಅವರ ತಾಯಿ ಹಾಡುತ್ತಿದ್ದ ಹಳೆಯ ಪದದ ಸೊಲ್ಲು ಅದು. ಹತ್ತಿರ ಕೂತಿದ್ದ ನನಗೆ ಸ್ಪಷ್ಟವಾಗಿ ಕೇಳಿಸಿತು. ಐದಾರು ಸಾಲು ಕಳೆದ ಮೇಲೆ ಅವರು ಕೀರ್ತನೆಯ ಮಾತಿಗೆ ಬಂದರು. ಹಿಂದೆ ಅವರೇ ಬೇಡವೆಂದಿದ್ದ ಕತ್ತಲೆಯ ಕೊನೆಯ ಸಾಲನ್ನು ಮುದುಕಿ ಹೇಳಿದಾಗ ಅವರು ಅದನ್ನೂ ಹಿಡಿದರು. ಮುದುಕಿ ಯಾರ ಮುಖವನ್ನೂ ನೋಡದೆ ಹಾಡುತ್ತಿದ್ದಳು.

ಪಾಸ್ಟರ್ ನಡುವೆಯೇ ಬಂದಿದ್ದರು. ಹಾಡು ಮುಗಿಯುವವರೆಗೆ ಚಪ್ಪಲಿ ಕೈಯಲ್ಲಿ ಹಿಡಿದು ಅಂಗಳದಲ್ಲೇ ನಿಂತಿದ್ದು, ಆಮೇಲೆ ಒಳಗೆ ಬಂದು ಚಿಕ್ಕ ಪ್ರಾರ್ಥನೆ ಮಾಡಿದರು.

ಒಂದು ತಿಂಗಳ ನಂತರ ಹಿರಿಯರು ಒಬ್ಬರೇ ವಾಡಿಗೆ ಬಂದರು. ಆರಾಧನೆಗೆ ಮೊದಲು ನನ್ನ ಹತ್ತಿರ ನಿಂತು, "ಆ ಹಾಡು ಪಟ್ಟಿಯೊಳಗ ಹಾಕ್ರಿ ಅಕ್ಕೋರೆ. ಪೇಟಿ ಬ್ಯಾಡ," ಎಂದರು. ಪೇಟಿ ಎಂದರೆ ನನ್ನ ಹಾರ್ಮೋನಿಯಂ. ಅವರು ಹಾಡಿದ ಹಳೆಯ ಸೊಲ್ಲಿನ ವಿಷಯ ನಾನು ಅವರಿಗೂ ಹೇಳಲಿಲ್ಲ, ಪಾಸ್ಟರಿಗೂ ಹೇಳಲಿಲ್ಲ.

ಅಲ್ಲಿಂದ ತಿಂಗಳಿಗೊಮ್ಮೆ ಆ ಕೀರ್ತನೆ ಹಾಡುತ್ತೇವೆ. ಆಗ ನಾನು ಹಾರ್ಮೋನಿಯಂ ಮುಚ್ಚಿ ಹೆಂಗಸರ ಕಡೆ ಬಂದು ಕೂರುತ್ತೇನೆ. ಮುದುಕಿ ಉಳಿದ ಹಾಡುಗಳಿಗೆ ಬಾಯಿ ತೆರೆಯಲು ಮುಂದಿನ ಕ್ರಿಸ್‌ಮಸ್ ಬರಬೇಕಾಯಿತು. ಹಿರಿಯರಿಗೂ ಅವಳಿಗೂ ಸಲಿಗೆಯೇನೂ ಬೆಳೆದಿಲ್ಲ. ಎದುರಾದರೆ ಶರಣು ಹೇಳಿ ಮುಂದೆ ಹೋಗುತ್ತಾರೆ. ಸಂತೋಷದ ಹಾಡುಗಳು ಪಟ್ಟಿಯಲ್ಲಿ ಈಗಲೂ ಹೆಚ್ಚಿವೆ, ಇರಲೂಬೇಕು. ಆದರೆ ವಾರದ ಪಟ್ಟಿ ಬರೆಯುವಾಗ ಈ ವಾರ ಯಾರ ಮನೆಯಲ್ಲಿ ಏನಾಯಿತು ಎಂದು ಮೊದಲು ವಿಚಾರಿಸುತ್ತೇನೆ.

ಹಾಡು ಸೇಡಂಗೆ, ಅಲ್ಲಿಂದ ಚಿಂಚೋಳಿ ಕಡೆಗೆ ಹೋಗಿದೆ ಎಂದು ಪಾಸ್ಟರ್ ಹೇಳುತ್ತಿದ್ದರು. ಕಳೆದ ತಿಂಗಳು ಸೇಡಂನ ಒಂದು ಮನೆಯ ಪ್ರಾರ್ಥನೆಗೆ ಹೋಗಿದ್ದೆ. ನಾನು ಯಾರೆಂದು ಅರಿಯದ ಒಬ್ಬ ನಡುವಯಸ್ಸಿನ ಹೆಂಗಸು ಪಕ್ಕದಲ್ಲಿ ಕೂಡಿಸಿಕೊಂಡು, ಇದು ನಮ್ಮ ಕಡೆಯ ಹಾಡು, ಕಲಿತುಕೊಳ್ಳಿರಿ ಎಂದು ಆ ಕೀರ್ತನೆಯನ್ನೇ ಸಾಲುಸಾಲಾಗಿ ಹೇಳಿಕೊಟ್ಟಳು. ಸೇಡಂ ಗಡಿಯ ಮಾತಿನಂತೆ ಅದರಲ್ಲಿ ಒಂದೆರಡು ತೆಲುಗು ಶಬ್ದ ಸೇರಿದ್ದವು. ನಡುವೆ ನಾನು ಬರೆಯದ, ಕೀರ್ತನೆಯಲ್ಲೂ ಇಲ್ಲದ ಒಂದು ಸಾಲು ಬಂತು. ಎರಡು ಸಲ ಹೇಳಿಸಿಕೊಂಡು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.