ಕೆಂಪು ಚುಕ್ಕೆಯ ಕುಣಿತ

ವರ್ಲಿನ್ ಸ್ಟೌಫರ್ ಪೆನ್ಸಿಲ್ವೇನಿಯಾದ ಗುಡ್ಡದ ದಾರಿಗಳಲ್ಲಿ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವನು. ನಿವೃತ್ತನಾದ ಮೇಲೆ ಅವನಿಗೆ ವಾರವೆಂದರೆ ಮಂಗಳವಾರ ಮಾತ್ರ. ಅಂದು ಸಂಜೆ ಕ್ಲಬ್ಬಿನ ನೆಲಮಾಳಿಗೆಯಲ್ಲಿ ಒಂಟಿ ಕೈಯಲ್ಲಿ ಪಿಸ್ತೂಲು ಹಿಡಿದು ಐವತ್ತು ಅಡಿ ದೂರದ ಕಪ್ಪು ವೃತ್ತಕ್ಕೆ ಗುರಿಯಿಡುವ ಪಂದ್ಯ. ಗೆದ್ದರೆ ಚಪ್ಪಾಳೆ, ಸೋತರೆ ಗೇಲಿ, ಅಷ್ಟೆ.

ಕಣ್ಣು ಮಂಜಾಗಿ ಪಿಸ್ತೂಲಿನ ತುದಿಯ ಗುರಿಮೊಳೆ ಕಾಣದಾದಾಗ ಬೇರೆ ಪಿಸ್ತೂಲು ಹುಡುಕತೊಡಗಿದ. ಕ್ಲಬ್ಬಿನ ಪದ್ಧತಿಯಂತೆ ಎಲ್ಲರೂ ತಮ್ಮತಮ್ಮದನ್ನು ಕೊಟ್ಟು ನೋಡೆಂದರು. ಒಂದರ ಮೂತಿ ಭಾರ, ಇನ್ನೊಂದರ ಹಿಡಿ ದಪ್ಪ. ಕೊನೆಗೆ ಹಗುರವಾದದ್ದೊಂದನ್ನು ಕೊಂಡು, ಅದರ ಮೇಲೆ ಕೆಂಪು ಚುಕ್ಕೆ ತೋರಿಸುವ ಗಾಜಿನ ಕೊಳವೆ ಕೂರಿಸಿದ. ಚುಕ್ಕೆಯನ್ನು ಕಪ್ಪಿನ ಮೇಲಿಟ್ಟು ಟ್ರಿಗರ್ ಒತ್ತಿದರಾಯಿತು. ಆಯಿತೇ? ಹಾಳಾದ್ದು ಒಂದು ಕ್ಷಣವೂ ನಿಲ್ಲಲೊಲ್ಲದು!

ವರ್ಲಿನ್‌ಗೆ ಅಪ್ಪನ ನೆನಪಾಗಿ ಹೆದರಿಕೆಯಾಯಿತು. ಅವನಪ್ಪನಿಗೆ ಇದೇ ವಯಸ್ಸಿನಲ್ಲಿ ಕೈ ನಡುಕ ಶುರುವಾಗಿ, ಕೊನೆಗೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ. ಮೂರು ವಾರ ಹೀಗೇ ಕಳೆದು, ನಾಲ್ಕನೇ ಮಂಗಳವಾರ ಕ್ಲಬ್ಬಿನ ತಂಡದಿಂದ ಹೆಸರು ತೆಗೆಸಲೆಂದೇ ಬಂದ.

"ನನ್ನ ಕೈ ಕೆಟ್ಟಿತು, ಆರ್ಡಿತ್. ನಮ್ಮಪ್ಪಂದೇ ನಂಗೂ ಬಂತು."

ಆರ್ಡಿತ್ ಕೆಮರರ್‌ಗೆ ಎಪ್ಪತ್ತನಾಲ್ಕು ವರ್ಷ. ಊರಿಗೆಲ್ಲ ಕೂದಲು ಕತ್ತರಿಸಿದವಳು, ಕ್ಲಬ್ಬಿನಲ್ಲಿ ಅವಳನ್ನು ಮೀರಿಸುವವರಿಲ್ಲ. ಅವನ ಪಿಸ್ತೂಲು ಇಸಿದುಕೊಂಡು, ಅವನಿಗೆ ಕಾಣದಂತೆ ತಾನೇ ಗುಂಡು ತುಂಬಿಸಿ ಕೊಟ್ಟಳು. ಮೊದಲನೆಯದು ಹಾರಿತು. ಎರಡನೆಯದು ಮದ್ದಿಲ್ಲದ ಸುಳ್ಳು ಗುಂಡು, ಬರೀ ಟಕ್ಕೆಂದಿತು. ಆದರೆ ಗುಂಡು ಹಾರದಿದ್ದರೂ ಪಿಸ್ತೂಲಿನ ಮೂತಿ ತಟ್ಟನೆ ಕೆಳಕ್ಕೆ ಬಾಗಿತು.

"ಅಯ್ಯೋ!"

"ಕಂಡ್ಯಾ? ಗುರಿ ತಪ್ಪಿಸ್ತಿರೋದು ನಡುಕ ಅಲ್ಲ ಕಣೋ, ನಿನ್ನ ಆತುರ. ಚುಕ್ಕೆ ಮಧ್ಯಕ್ಕೆ ಬಂತೋ ಇಲ್ವೋ, ಟ್ರಿಗರ್ ಕಿತ್ಕೊಂಡು ಬರೋ ಹಂಗೆ ಎಳೀತೀಯ."

"ಮತ್ತೆ ಚುಕ್ಕೆ ಅಲ್ಲಾಡೋದು?"

ಆರ್ಡಿತ್ ಎಲ್ಲರ ಕಡೆ ತಿರುಗಿದಳು. "ಏ, ಯಾರ ಚುಕ್ಕೆ ಅಲ್ಲಾಡದೆ ನಿಲ್ಲತ್ತೆ, ಕೈ ಎತ್ರಪ್ಪಾ!"

ಒಂದು ಕೈಯೂ ಏಳಲಿಲ್ಲ. "ನಂದು ಪೋಲ್ಕಾ ಡ್ಯಾನ್ಸ್ ಕುಣಿಯತ್ತೆ!" ಎಂದು ಯಾರೋ ಕೂಗಿದರು. ನೆಲಮಾಳಿಗೆಯೆಲ್ಲ ನಗು.

ವರ್ಲಿನ್ ನಗಲಿಲ್ಲ. ಆರ್ಡಿತ್ ದನಿ ತಗ್ಗಿಸಿದಳು. "ನಿಮ್ಮಪ್ಪನ ಕೂದಲು ಕತ್ತರಿಸ್ತಿದ್ದೋಳು ನಾನೇ. ತೊಡೆ ಮೇಲೆ ಸುಮ್ನೆ ಇಟ್ಟಿದ್ದಾಗ್ಲೂ ಅವ್ರ ಕೈ ನಡುಗ್ತಿತ್ತು. ನಿಂದು ನೋಡ್ಕೋ."

ವರ್ಲಿನ್ ನೋಡಿಕೊಂಡ. ಕೈ ಮೇಜಿನ ಮೇಲೆ ತೆಪ್ಪಗೆ ಬಿದ್ದಿತ್ತು. ಎದೆಯ ಭಾರ ಇಳಿದು ಕಣ್ಣು ತುಂಬಿ ಬಂತು.

"ಇನ್ನೊಂದ್ಸಲ ತುಂಬಿಸಿ ಕೊಡು ಮಾರಾಯ್ತಿ," ಎಂದ.