ನಿಲ್ಲು ಅಂದರೆ ನಿಲ್ಲದ ಗೆರೆ

ವಿಡಿಯೋ ಎಡಿಟ್ ಮಾಡುವ ತಂತ್ರಾಂಶಕ್ಕೆ ಕೀಫ್ರೇಮ್ ಎಡಿಟರ್ ವಿನ್ಯಾಸ ಮಾಡಿದೆ ಎಂದರೆ ನಮ್ಮ ಮನೆಯಲ್ಲಿ ಇವತ್ತಿಗೂ ‘ಏನೋ ಕಂಪ್ಯೂಟರ್ ಕೆಲಸ’ ಎಂದೇ ಅರ್ಥ. ಆದ್ದರಿಂದ ಒಮ್ಮೆ ಹೇಳಿಬಿಡುತ್ತೇನೆ. ಈ ಕ್ಷಣಕ್ಕೆ ಚಿತ್ರ ಇಲ್ಲಿರಲಿ, ಆ ಕ್ಷಣಕ್ಕೆ ಅಲ್ಲಿರಲಿ ಎಂದು ನೀವು ಎರಡು ಕಡೆ ಚುಕ್ಕಿ ಇಡುತ್ತೀರಿ. ಆ ಚುಕ್ಕಿಯೇ ಕೀಫ್ರೇಮ್. ನಡುವಿನದನ್ನು ಕಂಪ್ಯೂಟರ್ ತಾನೇ ಊಹಿಸಿ ತುಂಬುತ್ತದೆ. ನೆನಪೂ ಹೀಗೆಯೇ ಅಲ್ಲವೇ ಎಂದು ಬರೆಯಲು ಕೈ ತುರಿಸುತ್ತಿದೆ. ಬರೆಯುವುದಿಲ್ಲ. ಅಷ್ಟು ಸಲೀಸಾಗಿ ಒದಗುವ ಹೋಲಿಕೆಯ ಮೇಲೆ ನನಗೆ ಗುಮಾನಿ.

ರಾಜಾಜಿನಗರದಲ್ಲಿ ಪ್ಲೈವುಡ್ ಅಂಗಡಿಯ ಮೇಲಿನ ಮಹಡಿ ನಮ್ಮ ಆಫೀಸು. ಐದು ಜನ ಇದ್ದೆವು. ಆರು ಎನ್ನುವವರೂ ಇದ್ದಾರೆ. ಆರನೆಯವನನ್ನು ನಾನಂತೂ ನೋಡಿದ ನೆನಪಿಲ್ಲ. ವಿನ್ಯಾಸ ನನ್ನದು, ಅರ್ಧ ಕೋಡೂ ನನ್ನದೇ. ನಮ್ಮ ಗಿರಾಕಿಗಳು ಬಹುಪಾಲು ಮದುವೆ ವಿಡಿಯೋ ಎಡಿಟ್ ಮಾಡುವವರು. ಹಳೆಯ ಆವೃತ್ತಿಯಲ್ಲಿ ಅವರಿಗೆ ಇದ್ದದ್ದು ಅಂಕಿಗಳ ಒಂದು ಬರಡು ಪಟ್ಟಿ. ಅದನ್ನು ಕಿತ್ತುಹಾಕಿ, ಚುಕ್ಕಿಗಳನ್ನು ಕೂಡಿಸುವ ಒಂದು ಬಾಗುಗೆರೆ ಮಾಡಿದೆ. ಎಂಟು ತಿಂಗಳು ಹಿಡಿಯಿತು. ಗೆರೆಯ ಬಣ್ಣಕ್ಕೇ ಎರಡು ವಾರ. ಓಡುತ್ತ ಬಂದ ಚಿತ್ರ ಗಕ್ಕನೆ ನಿಂತರೆ ಒರಟು ಎನ್ನುವುದು ನನ್ನ ಸಿದ್ಧಾಂತ. ಹಾಗಾಗಿ ನನ್ನ ಗೆರೆ ಗುರಿಯನ್ನು ತುಸು ದಾಟಿ, ನಾಚಿಕೊಂಡಂತೆ ವಾಪಸು ಬರುತ್ತಿತ್ತು.

“ಚೆನ್ನಾಗಿದೆ” ಎಂದರು ಬಾಸ್, ಡಬ್ಬಿಯ ಮೊಸರನ್ನವನ್ನು ಹೊಗಳುವ ಅದೇ ದನಿಯಲ್ಲಿ. “ಗೋವಿಂದರಾಜನಗರದ ಮೇಡಂಗೆ ತೋರಿಸ್ಕೊಂಡ್ ಬಾಮ್ಮ. ಅವ್ರು ಹ್ಞೂಂ ಅಂದ್ರೆ ಹಾಕೋಣ. ಇಲ್ಲಾಂದ್ರೆ ಹಳೇ ಪಟ್ಟಿನೇ ಇರ್ಲಿ.”

ಆ ಮೇಡಂ ಐವತ್ತು ದಾಟಿದವರು. ಮಾಗಡಿ ರಸ್ತೆಯ ಆಚೀಚೆ ಮದುವೆ ವಿಡಿಯೋ ಮಾಡುವವರೆಲ್ಲ ಅವರು ಬಳಸುವುದನ್ನೇ ಬಳಸುತ್ತಿದ್ದರು. ಮನೆಯ ಹಾಲೇ ಅವರ ಸ್ಟುಡಿಯೋ. ಕೀಬೋರ್ಡಿಗೆ ಪ್ಲಾಸ್ಟಿಕ್ ಹೊದಿಕೆ, ಹಿಂದೆ ಒಂದು ಸೋಫಾ. ಆ ಸೋಫಾ ‘ಕರೆಕ್ಷನ್’ಗೆ. ಮದುವೆ ಮನೆಯವರು ಬಂದು ಕೂತು, ಯಾರ ಮುಖ ಬಿಟ್ಟುಹೋಗಿದೆ, ಯಾರದು ಜಾಸ್ತಿಯಾಗಿದೆ ಎಂದು ಹೇಳಿ ಸರಿಮಾಡಿಸಿಕೊಂಡು ಹೋಗುವುದು ಅಲ್ಲಿಯ ಪದ್ಧತಿ. ನಾನು ಹೋದ ದಿನ ಒಬ್ಬ ಮದುವೆ ಹುಡುಗಿಯ ತಾಯಿ ಮತ್ತು ದೊಡ್ಡಪ್ಪ ಕೂತಿದ್ದರು. ದೊಡ್ಡಪ್ಪನದು ನೀಲಿ ಶರಟು. ಅಥವಾ ಅದು ಆಮೇಲೆ ನಾನು ತೊಡಿಸಿದ್ದು.

ಮೇಡಂ ನನ್ನ ಹೊಸ ಆವೃತ್ತಿಯಲ್ಲಿ ಆ ಹುಡುಗಿಯ ಮದುವೆಯ ವಿಡಿಯೋವನ್ನೇ ತೆರೆದರು. ಚಿತ್ರ ಎಡಗಡೆಯ ಪುರೋಹಿತರಿಂದ ಸರಿದು ಬಂದು ಹುಡುಗಿಯ ಕೊರಳ ಬಳಿ ನಿಲ್ಲಬೇಕು, ತಾಳಿ ಕಟ್ಟಿ ಮುಗಿಯುವವರೆಗೆ ಅಲ್ಲೇ ಇರಬೇಕು. ನಿಲ್ಲುವ ಕಡೆ ಒಂದು ಚುಕ್ಕಿ, ತಾಳಿ ಕಟ್ಟಿದ ಮೇಲೆ ಅದೇ ಜಾಗಕ್ಕೆ ಇನ್ನೊಂದು ಚುಕ್ಕಿ ಇಟ್ಟು ಓಡಿಸಿದರು.

ವಾಲಗ ಜೋರಾಯಿತು. ಚಿತ್ರ ಕೊರಳ ಬಳಿ ಬಂತು, ನಿಲ್ಲಲಿಲ್ಲ. ಬಲಕ್ಕೆ ತೇಲಿಕೊಂಡು ಹೋಗಿ, ಕೈಯಲ್ಲಿ ಅಕ್ಷತೆ ಹಿಡಿದು ದೊಡ್ಡದಾಗಿ ಬಾಯಿ ತೆರೆದಿದ್ದ ಒಬ್ಬರನ್ನು ತೋರಿಸಿ, ಮೆಲ್ಲಗೆ ಹಿಂದಿರುಗಿತು. ಅಷ್ಟರಲ್ಲಿ ತಾಳಿ ಕಟ್ಟಿ ಆಗಿತ್ತು.

“ಭಾವ, ಅದು ನೀವಲ್ವಾ?” ಎಂದರು ಹುಡುಗಿಯ ತಾಯಿ. “ತಾಳಿ ಕಟ್ಟೋವಾಗ ಆಕಳಿಸ್ತಾ ಇದೀರ.”

“ಆಕಳಿಕೆ ಎಲ್ಲಮ್ಮ? ಉಸಿರು ಎಳ್ಕೊಂತಿದ್ದೆ. ನಾಲ್ಕು ಗಂಟೆಗೇ ಎಬ್ಬಿಸಿ ನಿಲ್ಲಿಸಿದ್ರಿ.”

ಮೇಡಂ ನನ್ನ ಕಡೆ ತಿರುಗಿದರು. “ಎರಡು ಕಡೆನೂ ಒಂದೇ ಜಾಗ ಕೊಟ್ಟಿದೀನಿ. ಮಧ್ಯದಲ್ಲಿ ಇದ್ಯಾಕಮ್ಮ ಅಲ್ಲಿಗೆ ಹೋಯ್ತು?”

“ಸ್ಮೂತ್ ಆಗಿರ್ಲಿ ಅಂತ, ಆಂಟಿ. ಬಂದ ವೇಗಕ್ಕೆ ಸ್ವಲ್ಪ ಮುಂದೆ ಹೋಗಿ...”

“ನಿಂತ್ಕೋ ಅಂದ್ರೆ ನಿಂತ್ಕೋಬೇಕು. ಸುತ್ತಾಡ್ಕೊಂಡ್ ಬಾ ಅಂತ ಯಾರ್ ಹೇಳಿದ್ದು?”

ನಾನು ಒಂದೇ ಒಂದು ಮದುವೆಯ ವಿಡಿಯೋವನ್ನೂ ಹಾಕಿ ಪರೀಕ್ಷಿಸಿರಲಿಲ್ಲ. ಎಂಟು ತಿಂಗಳೂ ಓಡಿಸಿ ನೋಡಿದ್ದು ಒಂದು ಕೆಂಪು ಚೆಂಡನ್ನು. ಚೆಂಡಿಗೆ ದೊಡ್ಡಪ್ಪ ಇರುವುದಿಲ್ಲ. ಇದನ್ನು ಒಪ್ಪಿಕೊಂಡೆನೇ? ಇಲ್ಲ. ಚಲನೆಯ ಸೌಂದರ್ಯದ ಬಗ್ಗೆ ಏನೇನೋ ಮಾತಾಡಿದೆ. ಏನೆಂದು ಮರೆತಿದ್ದೇನೆ; ಮರೆತದ್ದೇ ಒಳ್ಳೆಯದಾಯಿತು.

“ಇರ್ಲಿ ಬಿಡಮ್ಮ” ಎಂದರು ದೊಡ್ಡಪ್ಪ. “ಇಡೀ ಮದುವೇಲಿ ನಾನು ಕಾಣಿಸಿರೋದು ಅದೊಂದೇ ಕಡೆ.”

“ಸಾರ್, ನೀವು ಸುಮ್ನಿರಿ” ಎಂದ ಮೇಡಂ ಫೋನ್ ಕೈಗೆತ್ತಿಕೊಂಡರು. ಬಾಸ್‌ಗೇ ಎಂದು ಗೊತ್ತಾಯಿತು.

“ಹತ್ತು ನಿಮಿಷ ಕೊಡಿ, ಆಂಟಿ” ಎಂದು ಲ್ಯಾಪ್‌ಟಾಪ್ ತೆಗೆದೆ. ಅವರ ಊಟದ ಮೇಜಿನ ಮೇಲೆ, ಬಿಡಿಸುತ್ತಿದ್ದ ಅವರೆಕಾಯಿಯನ್ನು ಪಕ್ಕಕ್ಕೆ ಸರಿಸಿ, ನನ್ನ ಗೆರೆಯನ್ನು ನಾನೇ ನೇರ ಮಾಡಿದೆ. ಬಾಗು ಬೇಕಾದವರಿಗೆ ಮೂಲೆಯಲ್ಲಿ ಒಂದು ಸಣ್ಣ ಬಟನ್ ಉಳಿಸಿ, ಎಲ್ಲರಿಗೂ ತೋರಿಸಿದೆ. ಹತ್ತು ನಿಮಿಷ ಅಂದದ್ದು ಒಂದು ಗಂಟೆಯಾಯಿತು. ಅದೇ ಲ್ಯಾಪ್‌ಟಾಪಿನಲ್ಲಿ ಆ ವಿಡಿಯೋ ಮತ್ತೆ ಓಡಿಸಿದಾಗ ಚಿತ್ರ ಕೊರಳ ಬಳಿ ಬಂದು ಗಕ್ಕನೆ ನಿಂತಿತು. ಒರಟಾಗಿಯೇ ಇತ್ತು. ತಾಳಿ ಕಂಡಿತು, ಮೂರು ಗಂಟೂ ಕಂಡವು. ಹುಡುಗಿಯ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮೇಡಂ ಬಾಸ್‌ಗೆ ಫೋನ್ ಮಾಡಿ, “ಹ್ಞೂಂ, ಹಾಕಿ. ಆದ್ರೆ ಹಿಂಗೇ ನೇರವಾಗಿರ್ಬೇಕು” ಎಂದು ಹೇಳಿ ಒಳಗೆ ಕುಕ್ಕರ್ ನೋಡಲು ಹೋದರು.

ಗೆದ್ದೆನೋ ಸೋತೆನೋ ತಿಳಿಯದೆ ವೈರು ಸುತ್ತುತ್ತಿದ್ದೆ. ದೊಡ್ಡಪ್ಪ ಹತ್ತಿರ ಬಂದು ಬಗ್ಗಿದರು.

“ಆ ಮೂಲೆ ಬಟನ್ ಒಂದ್ಸಲ ಒತ್ತಮ್ಮ.”

ಒತ್ತಿದೆ. ವಾಲಗದ ನಡುವೆ ಅವರು ತೇಲಿ ಬಂದರು, ಬಾಯಿ ತೆರೆದರು, ಹೋದರು.

“ಎಷ್ಟು ನಿಧಾನಕ್ಕೆ ಬರ್ತೀನಿ ನೋಡು” ಎಂದರು.